ಬೇಕಂತಲೇ ತೊದಲಿ

ಮೂರು ಖಾಲಿ ಚೌಕಗಳಿದ್ದ ಒಂದು ಹಾಳೆ ಕೈಲಾಸನ ಹೊಟ್ಟೆಪಾಡಿಗೆ ಕುತ್ತು ತಂದಿತು. ತೊದಲಿಗೆ ಚಿಕಿತ್ಸೆ ಕೊಡುವ ಮಾನ್ಯ ಮೇಡಂ ಅದರ ತಲೆಯಲ್ಲಿ ದುಂಡಗೆ ಬರೆದಿದ್ದರು: ‘ಹೋಂವರ್ಕ್. ಹೊರಗೆ ಮೂವರ ಹತ್ತಿರ ಬೇಕಂತಲೇ ತೊದಲಿ. ಭಯ ಹೋಗುತ್ತದೆ.’

ಬುದ್ಧಿ ಬಂದಾಗಿನಿಂದ ಬೇಡವೆಂದರೂ ತೊದಲುತ್ತಿದ್ದವನಿಗೆ ಇದೇನು ಮಹಾ ಎನಿಸಿತು. ಅವಸರವೂ ಇತ್ತು. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ಎಂಟು ವರ್ಷದಿಂದ ತುಟಿ ಬಿಚ್ಚದೆ ಅಚ್ಚಿನ ತಪ್ಪು ತಿದ್ದುತ್ತಿದ್ದ. ಮಾಲೀಕ ರೇವಣಸಿದ್ದಯ್ಯ ಕರೆದು, “ಪ್ರಿಂಟಿಗೆ ಹೋಗೋ ಮುಂಚೆ ಮದುವೆ ಮನೆಯವರಿಗೆ ಪತ್ರಿಕೆ ಓದಿ ಹೇಳೋದು ಇನ್ಮೇಲೆ ನೀನೇ. ದಸರಾವರೆಗೆ ಟೈಮು. ಆಗ್ದಿದ್ರೆ ಬೇರೆ ಕಡೆ ನೋಡ್ಕೊ” ಎಂದಿದ್ದರು. ತಮ್ಮ ಹೆಸರು ಬಂತೇ, ಯಾರ ಹೆಸರಿನ ಕೆಳಗೆ ಬಂತು ಎಂದು ಬಂಧುಗಳೆಲ್ಲ ಕಿವಿ ನೆಟ್ಟಗೆ ಮಾಡಿ ಕೂತು ಕೇಳುವ ಓದು ಅದು.

ಬೆಳಿಗ್ಗೆ ಚಾಮರಾಜಪೇಟೆಯ ವಠಾರದಲ್ಲಿ ಮೊದಲು ಸಿಕ್ಕವರು ವಿಶಾಲಾಕ್ಷಮ್ಮ. ಚಿಕ್ಕಂದಿನಲ್ಲಿ ಅವನ ನಾಲಿಗೆಗೆ ಜೇನಿನಲ್ಲಿ ಬಜೆ ತೇಯ್ದು ಹಚ್ಚಿದವರು. ಈಗಲೂ ಅವನ ಪ್ರತಿ ಮಾತನ್ನೂ ತಾವೇ ಮುಗಿಸಿಕೊಡುವವರು. ‘ಕ’ದಲ್ಲಿ ಮೂರು ಸಲ ಎಡವಬೇಕೆಂದು ನಿಶ್ಚಯಿಸಿ ಅವನು ಬಾಯಿ ತೆರೆದ.

“ಕಸದ ಗಾಡಿ ಬಂದು ಹೋಯ್ತಾ ಅಮ್ಮಾ?”

ಒಂದಕ್ಷರವೂ ಸಿಕ್ಕಿಕೊಳ್ಳಲಿಲ್ಲ. ಎಡವಲೆಂದೇ ಹೊರಟವನಿಗೆ ಎಡವುವ ಭಯವೇ ಇರಲಿಲ್ಲವಲ್ಲ! ಗಾಬರಿಯಿಂದ, “ಕಾಯ್ತಾನೇ ಇದ್ದೆ, ಕೇಳಿಸ್ಲೇ ಇಲ್ಲ” ಎಂದ. ಅದೂ ನೀರು ಕುಡಿದಷ್ಟು ಸಲೀಸು.

ವಿಶಾಲಾಕ್ಷಮ್ಮನ ಕೈಯಲ್ಲಿದ್ದ ಕಸದ ಡಬ್ಬಿ ಅಂಗಳಕ್ಕೆ ಬಿತ್ತು. “ಅಯ್ಯೋ ಶಿವನೇ! ಮಾತು ಬಂತು ಕಣ್ರೇ! ವೀರಭದ್ರಸ್ವಾಮಿಗೆ ಹರಕೆ ಹೊತ್ತಿದ್ದೆ!” ಎಂದು ಕೂಗಿದರು. ವಠಾರವೇ ಸೇರಿತು. ಯಾರೋ ಬಾಯಿಗೆ ಸಕ್ಕರೆ ಹಾಕಿದರು. “ಹಾಗಲ್ಲ, ನಾನು ಬೇಕಂತಲೇ ತೊದಲ್ಬೇಕಿತ್ತು” ಎಂದು ವಿವರಿಸಲು ಹೋದರೆ ಅದೂ ನಿರರ್ಗಳ. ಚಪ್ಪಾಳೆ ಬಿತ್ತು.

ಅವನು ಅಂಗಡಿ ಮುಟ್ಟುವ ಮೊದಲೇ ವಿಶಾಲಾಕ್ಷಮ್ಮನ ಫೋನು ಮುಟ್ಟಿತ್ತು. ರೇವಣಸಿದ್ದಯ್ಯ ಆಕೆಯ ಒಡಹುಟ್ಟಿದ ಅಣ್ಣ. “ಬಾರಪ್ಪ, ದಸರಾ ಯಾಕೆ, ಇವತ್ತೇ ಓದು” ಎಂದು ಪತ್ರಿಕೆ ಕೈಗಿಟ್ಟರು. ಎದುರಿನ ಬೆಂಚುಗಳ ತುಂಬ ಮದುವೆ ಮನೆಯ ಹನ್ನೊಂದು ಜನ.

“ಶ್... ಶ್... ಶ್...”

‘ಶ್ರೀ’ ಬರಲೇ ಇಲ್ಲ. ಮದುವೆ ಹುಡುಗಿಯ ಸೋದರಮಾವ ತನ್ನನ್ನೇ ಗದರಿಸುತ್ತಿದ್ದಾನೆಂದುಕೊಂಡು ಮಾತು ನಿಲ್ಲಿಸಿದ.

“ಬೆಳಿಗ್ಗೆ ಇದ್ದ ಬಾಯಿ ಈಗೆಲ್ಲಿ ಹೋಯ್ತು? ಕೆಲಸ ತಪ್ಪಿಸ್ಕೊಳ್ಳೋಕೆ ನಾಟಕಾನಾ?” ಎಂದರು ಮಾಲೀಕರು.

ಕೈಲಾಸ ಬೆವರು ಒರೆಸಲು ಕರ್ಚೀಫು ಎಳೆದ. ಜೊತೆಗೆ ಹಾಳೆಯೂ ಬಂದು ಬಿತ್ತು. ರೇವಣಸಿದ್ದಯ್ಯ ಎತ್ತಿಕೊಂಡು, ಪತ್ರಿಕೆ ಓದಿ ಪಳಗಿದ ಗಂಟಲಿನಲ್ಲಿ ಎಲ್ಲರಿಗೂ ಕೇಳುವಂತೆ ಓದಿದರು: “ಮೂವರ ಹತ್ತಿರ ಬೇಕಂತಲೇ ತೊದಲಿ.”

“ಬರೆದು ಬೇರೆ ಇಟ್ಕೊಂಡಿದೀಯಾ!” ತಪ್ಪು ತಿದ್ದುವ ಕೆಂಪು ಪೆನ್ನಿನಿಂದ ಹಾಳೆಯ ಮೇಲೆ ‘ಮೂವರಲ್ಲ, 11 ಜನ ಕೇಳಿದ್ದಾರೆ’ ಎಂದು ಗೀಚಿ, ಸಹಿ ಹಾಕಿ, ಅವನ ಜೇಬಿಗೆ ತುರುಕಿದರು. “ನಾಳೆಯಿಂದ ಬರ್ಬೇಡ.”

ಎಂಟು ವರ್ಷ ಊರವರ ಹೆಸರಿನಲ್ಲಿ ಒಂದು ಕೊಂಬು ತಪ್ಪಲು ಬಿಡದಿದ್ದವನು ತಲೆ ತಗ್ಗಿಸಿ ಮೆಟ್ಟಿಲಿಳಿದ. ಯಾರೂ ಮಾತಾಡಿಸದ ಆ ಹಿಂದಿನ ಕೋಣೆ ನೆನಪಾಗಿ ಅಳು ಬಂತು.

ಸಂಜೆ ಮಾನ್ಯ ಹಾಳೆ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. “ಒಂದೇ ದಿನಕ್ಕೆ ಹನ್ನೊಂದು ಜನಾನಾ! ಸಹಿ ಬೇರೆ ಹಾಕಿಸ್ಕೊಂಡು ಬಂದಿದೀರಾ! ಇಷ್ಟು ಧೈರ್ಯ ನಾನು ಯಾರಲ್ಲೂ ನೋಡಿಲ್ಲ ಕೈಲಾಸ್.”

ಕೆಲಸ ಹೋಯಿತು ಎಂದು ಹೇಳಲು ಅವನು ಬಾಯಿ ತೆರೆದ. “ಕ್... ಕ್... ಕೆ...”

“ವೆರಿ ಗುಡ್!” ಎಂದು ಮಾನ್ಯ 11 ಹೊಡೆದು ಹಾಕಿ 12 ಎಂದು ಬರೆದರು.