ಬೇರಿಂಗ್ ಬದಲಾಯಿಸಿ ಕೆಟ್ಟೆ

ಐವತ್ತು ದಾಟಿದ ಗಂಡಸಿಗೆ ಎರಡು ಹುಚ್ಚು ಹಿಡಿಯುತ್ತವೆ ಎಂದು ನನ್ನ ಅನುಭವ. ಒಂದು, ಮನೆಯವರ ಆರೋಗ್ಯ ಕಾಯುವ ಹುಚ್ಚು. ಇನ್ನೊಂದು, ಹಳೆಯ ಕಾರು ಕೊಳ್ಳುವ ಹುಚ್ಚು. ನನಗೆ ಎರಡೂ ಒಂದೇ ವರ್ಷ ಹಿಡಿದವು. ಅಮ್ಮನಿಗೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದ್ದೇ ತಡ, ಸಕ್ಕರೆ ಡಬ್ಬಿ, ಬೆಲ್ಲದ ಡಬ್ಬಿ ಎರಡನ್ನೂ ಅಟ್ಟಕ್ಕೇರಿಸಿಬಿಟ್ಟೆ. ಡಾಕ್ಟರು ಹೇಳಿದ್ದು 'ಮಿತವಾಗಿರಲಿ' ಎಂದು ಮಾತ್ರ. ಆದರೆ ಮಿತ ಎನ್ನುವುದು ನನ್ನ ಜಾಯಮಾನದಲ್ಲೇ ಇಲ್ಲ. ಕಾಫಿ ಬೆಳೆಯುವ ಮನೆಯಲ್ಲಿ ಹುಟ್ಟಿ, ಕಾಫಿ ಬೆಳೆಯುವ ಮನೆಗೇ ಸೊಸೆಯಾಗಿ ಬಂದು, ಬೆಲ್ಲದ ಕಾಫಿ ಕುಡಿದೇ ಎಂಬತ್ತರ ಹತ್ತಿರ ಬಂದವಳು ಅಮ್ಮ. ಆಕೆ ಸಪ್ಪೆ ಕಾಫಿಯನ್ನು ಮುಖ ಕಿವಿಚಿಕೊಂಡು ಕುಡಿಯುವುದನ್ನು ನೋಡಿದರೆ ನನಗೂ ಸಂಕಟವಾಗುತ್ತಿತ್ತು. ಆದರೂ ಎದುರಿಗೆ ನಿಂತು, ಲೋಟ ಖಾಲಿಯಾಗುವವರೆಗೆ ಕದಲುತ್ತಿರಲಿಲ್ಲ.

ಇನ್ನು ಕಾರು. ಬಾಬಾಬುಡನ್‌ಗಿರಿ ಕಡೆಯ ಪ್ಲಾಂಟರೊಬ್ಬರು ರ‍್ಯಾಲಿಯ ಚಟ ಬಿಟ್ಟ ಮೇಲೆ ಮಾರಿದ ಫಾರಿನ್ ಕಾರು ಅದು. ಅದರ ಎಂಜಿನ್ನಿಗೆ ಸೂಪರ್‌ಚಾರ್ಜರ್ ಎಂಬ ಹೆಚ್ಚಿನ ಅಂಗವೊಂದಿದೆ. ಬೆಲ್ಟಿನಿಂದ ತಿರುಗುವ ಗಾಳಿಯ ಪಂಪು ಅಂದುಕೊಳ್ಳಿ. ಎಂಜಿನ್ನಿಗೆ ಗಾಳಿ ತುರುಕುತ್ತದೆ, ಕಾರು ಏರಿನಲ್ಲಿ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡುತ್ತದೆ. ನಾನು ಕೊಳ್ಳುವಾಗಲೇ ಅದರ ಬೇರಿಂಗು ಸವೆದಿತ್ತೆಂದು ಕಾಣುತ್ತದೆ. ಮೊದಮೊದಲು ದುಂಬಿ ಗುಂಯ್ ಎಂದಂತಿದ್ದ ಸದ್ದು ಬರುಬರುತ್ತಾ ಕಾಫಿ ಹಣ್ಣು ಸುಲಿಯುವ ಪಲ್ಪರಿಗೆ ಕಲ್ಲು ಸಿಕ್ಕಿದಂತಾಯಿತು.

ನಮ್ಮ ಕಡೆ ಗಾಡಿಗಳನ್ನು ಕಣ್ಣಿನಿಂದ ಗುರುತಿಸುವವರು ಕಡಿಮೆ. ತಿರುವು, ಮರ, ಮಂಜಿನ ನಡುವೆ ಕಾಣುವುದಾದರೂ ಏನು? ಎಲ್ಲವೂ ಕಿವಿಯ ವ್ಯವಹಾರ. ಆಲ್ದೂರಿನ ಬಸ್ಸು ಗೇರು ಬದಲಿಸಿದ್ದು ಕೇಳಿ ಅನ್ನಕ್ಕೆ ನೀರಿಡುತ್ತಾರೆ. ಎಸ್ಟೇಟುಗಳಲ್ಲಂತೂ ಸಾಹುಕಾರರ ಜೀಪಿನ ಸದ್ದು ದೂರದಲ್ಲಿ ಕೇಳಿದ ಕೂಡಲೇ ಮೇಸ್ತ್ರಿಯ ಗಂಟಲು ತಾನಾಗಿ ಏರುತ್ತದೆ. ನನ್ನ ಕಾರು ಕೆಳಗಿನ ಹಳ್ಳ ದಾಟುವಾಗಲೇ ಗುಡ್ಡದ ಮೇಲಿನ ನಮ್ಮ ಮನೆಗೆ ಕೇಳುತ್ತಿತ್ತು. ಅಲ್ಲಿಂದ ಅಂಗಳ ಮುಟ್ಟಲು ಮತ್ತೆ ಮೂರು ತಿರುವು ಹತ್ತಬೇಕು.

ರಿಪೇರಿಯ ಮಾತೆತ್ತಿದಾಗ ಮನೆಯಲ್ಲಿ ಯಾರಿಗೂ ಉತ್ಸಾಹವೇ ಇಲ್ಲ. "ಎಂತಕ್ಕೆ ರಿಪೇರಿ? ಓಡ್ತಾ ಇದೆಯಲ್ಲ," ಎಂದಳು ಹೆಂಡತಿ ಗಿರಿಜಾ. ಮಿಕ್ಸಿ ಚೂರು ಕರಕರ ಅಂದರೆ ಹೊಸದು ತರಿಸುವವಳ ಮಾತು ಇದು! ಅಮ್ಮನಂತೂ, "ಆ ಸದ್ದು ಇರ್ಲಿ ಕಣೋ. ನೀನು ಬರ್ತಾ ಇದೀಯ ಅಂತ ಗೊತ್ತಾಗ್ತದೆ. ನಂಗೊಂದು ಧೈರ್ಯ," ಎಂದಳು. ನನಗೆ ಕಣ್ಣು ತುಂಬಿ ಬಂತು. ಹೆತ್ತ ಕರುಳು ಎಂದರೆ ಇದು ಎಂದುಕೊಂಡೆ. ಆದರೆ ಬೇರಿಂಗು ಪೂರ್ತಿ ಹೋದರೆ ಒಳಗೆ ತಿರುಗುವ ರೋಟರುಗಳು ಒಂದಕ್ಕೊಂದು ತಾಗಿ, ಅದರ ಚೂರು ಎಂಜಿನ್ನಿಗೆ ನುಗ್ಗಿ, ಕಾರು ಕೋಳಿಗೂಡಿಗೆ ಮಾತ್ರ ಲಾಯಕ್ಕಾಗುತ್ತದೆ ಎಂದು ಎಲ್ಲೋ ಓದಿದ್ದೆ. ಕರುಳಿನ ಮಾತು ಕೇಳಿ ಕಾರು ಕಳೆದುಕೊಳ್ಳಲು ಸಾಧ್ಯವೇ?

ಮೂಡಿಗೆರೆಯಲ್ಲಿ ಸಲೀಂ ಎಂಬ ಪರಿಚಯದ ಮೆಕ್ಯಾನಿಕ್ ಇದ್ದಾನೆ. "ಬಿಚ್ಚೋದು ಸುಲಭ ಸರ್. ಆಮೇಲೆ ದೇವ್ರಿದಾನೆ," ಎಂದ. ಆತ ಅಲ್ಲಿಯವರೆಗೆ ಸೂಪರ್‌ಚಾರ್ಜರನ್ನು ಬಿಚ್ಚಿರಲಿಲ್ಲ. ಬಿಚ್ಚಿದ್ದನ್ನು ನಾನು ನೋಡಿರಲೂ ಇಲ್ಲ. ಇಬ್ಬರೂ ಕುಕ್ಕರಗಾಲಿನಲ್ಲಿ ಕೂತು ಫೋನಿನಲ್ಲಿ ವಿಡಿಯೋ ನೋಡಿದೆವು. ನಾನು ಬುದ್ಧಿವಂತಿಕೆಯಿಂದ ನಮ್ಮ ಪಲ್ಪರಿನದೊಂದು ಹೊಸ ಬೇರಿಂಗು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಬಿಚ್ಚಿ ನೋಡಿದರೆ ಅಳತೆ ಒಂದೇ, ನಂಬರೂ ಒಂದೇ. ಕಾಫಿಯವರಿಗೆ ಲೋಕದ ಯಂತ್ರಗಳೆಲ್ಲ ಪಲ್ಪರಿನ ದಾಯಾದಿಗಳಾಗಿಯೇ ಕಾಣುತ್ತವೆ. ಸಲೀಂ ಅದನ್ನು ಬೆರಳಲ್ಲಿ ತಿರುಗಿಸಿ ಆಸೆಯಿಂದಲೇ ನೋಡಿದ. ಅಷ್ಟರಲ್ಲಿ ವಿಡಿಯೋದವನು, ಸಾಧಾರಣ ಬೇರಿಂಗು ಈ ವೇಗಕ್ಕೆ ತಡೆಯುವುದಿಲ್ಲ ಎಂದು ಹೇಳಿ ಇಬ್ಬರ ಉತ್ಸಾಹಕ್ಕೂ ತಣ್ಣೀರೆರಚಿದ. ಸರಿಯಾದದ್ದನ್ನೇ ತರಿಸಿದೆವು.

ಕೂರಿಸುವುದು ಇನ್ನೊಂದು ಪಾಡು. ಹೊರಕವಚ ಬಿಸಿಯಾಗಿ ಹಿಗ್ಗಬೇಕು, ಬೇರಿಂಗು ತಣ್ಣಗಾಗಿ ಕುಗ್ಗಬೇಕು, ಆಗ ಬಡಿಯದೆ ಕೂರುತ್ತದಂತೆ. ಗ್ಯಾರೇಜಿನ ಪಕ್ಕದಲ್ಲೇ ಒಂದು ಬೇಕರಿ. ಕವಚವನ್ನು ತೊಳೆದು ಒರೆಸಿ, ಬೇಕರಿಯವರ ಕೈಕಾಲು ಹಿಡಿದು ಒಲೆಯೊಳಗೆ ಬನ್ನುಗಳ ಪಕ್ಕ ಇಟ್ಟೆವು. ಬೇರಿಂಗುಗಳು ಐಸ್‌ಕ್ರೀಮ್ ಪೆಟ್ಟಿಗೆ ಸೇರಿದವು. ಕಾಯುವಾಗ ಬಿಸಿ ಬನ್ನಿನ ಪರಿಮಳ. ಕಾಯುವವನಿಗೆ ಬೇರೇನು ಕೆಲಸ? ಎರಡು ಸಿಹಿ ಬನ್ನು ತಿಂದೆ, ಮೇಲೊಂದು ಸ್ಟ್ರಾಂಗ್ ಟೀ, ಸಕ್ಕರೆ ಸ್ವಲ್ಪ ಮುಂದಾಗಿಯೇ ಹಾಕಿಸಿಕೊಂಡು. ನನಗೇನು ಕಾಯಿಲೆ ಇಲ್ಲವಲ್ಲ. ಕೊನೆಗೆ ಬೇರಿಂಗುಗಳು ಯಾವ ತಕರಾರೂ ಇಲ್ಲದೆ ಜಾರಿ ಕುಳಿತಾಗ ಸಲೀಮನೂ ನಾನೂ ಅಪ್ಪಿಕೊಳ್ಳುವುದೊಂದು ಬಾಕಿ.

ಎಲ್ಲ ಜೋಡಿಸಿ ಮನೆ ಕಡೆ ಹೊರಟೆ. ಸದ್ದೇ ಇಲ್ಲ! ಹಳ್ಳ ದಾಟುವಾಗ ನೀರಿನ ಸದ್ದು ಕೇಳಿಸಿತು. ಅಲ್ಲಿ ನೀರು ಸದ್ದು ಮಾಡುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ಬೀಗುತ್ತಾ ಅಂಗಳದ ಅಂಚಿನಲ್ಲಿ ಕಾರು ನಿಲ್ಲಿಸಿದೆ. ನಾಯಿ ಮಲಗಿದಲ್ಲಿಂದ ತಲೆ ಎತ್ತಲಿಲ್ಲ. ಎಲ್ಲರನ್ನೂ ಬೆಚ್ಚಿಬೀಳಿಸೋಣವೆಂದು ಅಡುಗೆಮನೆಯ ಕಿಟಕಿಗೆ ಹೋಗಿ ಇಣುಕಿದೆ.

ಅಮ್ಮ ಒಲೆಯ ಮುಂದೆ ಮಣೆಯ ಮೇಲೆ ಕೂತು, ಎರಡೂ ಕೈಯಲ್ಲಿ ಲೋಟ ಹಿಡಿದಿದ್ದಳು. ಪಕ್ಕದ ತಟ್ಟೆಯಲ್ಲಿ ಬೆಲ್ಲದ ಪುಡಿ. "ಅರ್ಧ ಲೋಟನೇ ಹಾಕಿದ್ದು ಅತ್ತೆ, ನಿಧಾನ ಕುಡೀರಿ. ಇವರ ಕಾರು ಇನ್ನೂ ಹಳ್ಳಕ್ಕೆ ಬಂದಿಲ್ಲ," ಎನ್ನುತ್ತಿದ್ದಳು ಗಿರಿಜಾ. ಅಮ್ಮನ ಮುಖ ನೋಡಿದೆ. ಒಂದೊಂದು ಗುಟುಕಿಗೂ ಕಣ್ಣು ಮುಚ್ಚುತ್ತಿದ್ದಳು. ಆ ಸಮಾಧಾನದ ಮುಖವನ್ನು ನೋಡಿ ಎಷ್ಟು ಕಾಲವಾಗಿತ್ತೋ.

ಮೊದಲು ಸಿಟ್ಟು ನೆತ್ತಿಗೇರಿತು. ಹೆಂಡತಿ, ತಾಯಿ ಸೇರಿ ನನ್ನ ಬೇರಿಂಗನ್ನೇ ಕಾವಲಿಗಿಟ್ಟುಕೊಂಡಿದ್ದರಲ್ಲ! ಆಮೇಲೆ ಸಿಟ್ಟೆಲ್ಲ ಇಳಿದು ಪಾಪ ಅನ್ನಿಸಿತು. ಡಾಕ್ಟರು ಹೇಳಿದ ಮಿತವನ್ನು ಈ ಮನೆಯಲ್ಲಿ ಪಾಲಿಸುತ್ತಿದ್ದವಳು ಗಿರಿಜಾ ಒಬ್ಬಳೇ. ಹೆತ್ತವಳು ತನ್ನದೇ ಮನೆಯಲ್ಲಿ ಅರ್ಧ ಲೋಟ ಕಾಫಿಗಾಗಿ ಕಾರಿನ ಸದ್ದಿಗೆ ಕಿವಿಗೊಟ್ಟು ಕೂರುವಂತೆ ಮಾಡಿದ್ದೆನಲ್ಲ!

ಬೆಕ್ಕಿನ ಹೆಜ್ಜೆಯಲ್ಲಿ ಹಿಂದೆ ಸರಿದೆ. ಎಂಜಿನ್ ಚಾಲು ಮಾಡಿ, ಮೆಲ್ಲಗೆ ಒಂದು ತಿರುವು ಕೆಳಗೆ ಹಿಮ್ಮುಖವಾಗಿ ಇಳಿಸಿ, ಉದ್ದಕ್ಕೆ ಹಾರನ್ ಹೊಡೆದೆ. ಒಂದು ಲೋಟ ತೊಳೆದಿಡುವಷ್ಟು ಹೊತ್ತು ಕಾದು, ಗಂಭೀರವಾಗಿ ಅಂಗಳಕ್ಕೆ ಬಂದೆ. ಅಮ್ಮ ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದಳು.

"ಕಾರಿನ ಸದ್ದು ಪೂರ್ತಿ ಹೋಯ್ತಮ್ಮ," ಎಂದೆ. "ತಿರುವಿನಲ್ಲಿ ಎದುರಿನವರಿಗೆ ಗೊತ್ತಾಗಬೇಕಲ್ಲ. ಇನ್ನು ಮೇಲೆ ದಿನಾ ಹಾರನ್ ಹೊಡೆದೇ ಬರ್ತೀನಿ."

"ಒಳ್ಳೇದು, ಹೊಡಿ," ಎಂದಳು ಅಮ್ಮ, ಬತ್ತಿಯಿಂದ ಕಣ್ಣೆತ್ತದೆ. "ಆದ್ರೆ ಹಳ್ಳದ ಹತ್ರಾನೇ ಹೊಡಿ ಮಾರಾಯ, ಕಿಟಕಿ ತಂಕ ಬಂದು ವಾಪಸ್ ಹೋಗಿ ಹೊಡೀಬೇಡ. ಇವತ್ತು ನಿನ್ನ ಬೋಳುತಲೆ ಕಂಡು, ಗಡಿಬಿಡೀಲಿ ಒಂದೇ ಗುಟುಕಿಗೆ ಕುಡ್ದು ಗಂಟಲು ಸುಟ್ಕೊಂಡೆ."