ರಿಪೇರಿಯಣ್ಣನ ಆಕಾಶನೌಕೆ

ಊಟ ಮುಗಿಸಿ, ಗೋಡೆಗೊರಗಿ, ಅರ್ಧ ಕಣ್ಣು ಮುಚ್ಚಿದವನನ್ನು ಏನು ಕೇಳಿದರೂ ಅವನು 'ಹೂಂ' ಎಂದೇ ಅನ್ನುತ್ತಾನೆ. ಶನಿವಾರ ಮಧ್ಯಾಹ್ನ ಹೆಂಡತಿಯ ತಮ್ಮ ಬಂದು, "ಭಾವ, ನಾಳೆ ಒಂದಿನ ನಿಮ್ಮ ಶೆಡ್ ಬೇಕಿತ್ತು, ಸಣ್ಣ ಕೆಲಸ" ಎಂದಾಗ ರಿಪೇರಿಯಣ್ಣ ಅಂದದ್ದೂ ಅಷ್ಟೇ. ಕೀಲಿಕೈ ಮೊಳೆಯಲ್ಲಿ ನೇತಾಡುತ್ತಿತ್ತು. ಭಾವಮೈದುನ ಕಿಸೆಗೆ ಹಾಕಿಕೊಂಡು ಹೋದ.

ರಿಪೇರಿಯಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಮೂವತ್ತು ವರ್ಷ ಬೀದಿಯ ಮಿಕ್ಸಿ, ಫ್ಯಾನುಗಳ ಹೊಟ್ಟೆ ಬಗೆದೂ ಬಗೆದೂ ಅವನ ಬೆನ್ನು ಟೇಬಲ್ ಲ್ಯಾಂಪಿನ ಕತ್ತಿನಂತೆ ಬಾಗಿತ್ತು. ಹೋದ ತಿಂಗಳು ಕೊಟ್ಟ ಮಾತಿಗೆ ತಪ್ಪಿದ್ದರಿಂದ ಗಿರಾಕಿಗಳು ಒಬ್ಬೊಬ್ಬರಾಗಿ ಬೀದಿ ತುದಿಯ ಹೊಸ ಅಂಗಡಿಯತ್ತ ಜಾರತೊಡಗಿದ್ದರು. ಈ ಸಲ ಉಳಿದವರಿಗೆಲ್ಲ "ಭಾನುವಾರ ಗ್ಯಾರಂಟಿ" ಎಂದಿದ್ದ. ವಾರವಿಡೀ ಬೆಂಚಿಗೆ ಅಂಟಿಕೊಂಡು ಹನ್ನೊಂದು ಯಂತ್ರಗಳನ್ನೂ ರಿಪೇರಿ ಮಾಡಿ, ಒಂದೊಂದಕ್ಕೂ ಹೆಸರಿನ ಚೀಟಿ ಕಟ್ಟಿ ಶೆಡ್ಡಿನಲ್ಲಿ ಸಾಲಾಗಿ ಇಟ್ಟಿದ್ದ. ಜನ ಬಂದು ಒಯ್ದರಾಯಿತು. ಆಮೇಲೆ ಸೋಮವಾರದವರೆಗೆ ಮಲಗುವುದು ಎಂದು ಲೆಕ್ಕ ಹಾಕಿದ್ದ.

ಭಾನುವಾರ ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಕಣ್ಣು ಕೋರೈಸಿತು. ಗೋಡೆಗೆಲ್ಲ ಬೆಳ್ಳಿ ಕಾಗದ ಮೆತ್ತಿತ್ತು. ವಾಷಿಂಗ್ ಮಷೀನಿನ ದುಂಡು ಗಾಜಿನೊಳಗೆ ಟಾರ್ಚು ಉರಿಯುತ್ತಿತ್ತು. ಮೇಜಿನ ಮೇಲೆ ನಾಲ್ಕು ಮಿಕ್ಸಿ, ಎರಡು ಫ್ಯಾನು, ಒಂದು ರೇಡಿಯೋ ಗೋಪುರವಾಗಿ ನಿಂತಿದ್ದವು. ನಡುವೆ ರೇನ್‌ಕೋಟು ತೊಟ್ಟ ಭಾವಮೈದುನ ಫೋನು ಹಿಡಿದು ನಿಂತಿದ್ದ. ವಾರದಲ್ಲಿ ಆರು ದಿನ ಅವನು ವಿಮಾ ಕಚೇರಿಯ ಗುಮಾಸ್ತ. ಏಳನೆಯ ದಿನ ನಿರ್ದೇಶಕ.

"ಏನೋ ಇದು?"

"ಆಕಾಶನೌಕೆ ಭಾವ! ಮನುಷ್ಯರು ಇನ್ನೊಂದು ಗ್ರಹಕ್ಕೆ ಹೋಗ್ತಾರೆ, ಶತ್ರುಗಳು ಅಟ್ಟಿಸಿಕೊಂಡು ಬರ್ತಾರೆ. ಬಜೆಟ್ ಕಮ್ಮಿ."

ಬಜೆಟ್ಟೆಂದರೆ ಬೆಳ್ಳಿ ಕಾಗದ. ಮಿಕ್ಕಿದ್ದೆಲ್ಲ ಭಾವನದೇ ಎಂಬುದು ರಿಪೇರಿಯಣ್ಣನಿಗೆ ನೋಡುತ್ತಿದ್ದಂತೆ ಹೊಳೆಯಿತು.

"ಇವೆಲ್ಲ ಗಿರಾಕಿಗಳದ್ದು ಕಣೋ! ಈಗ ಬರ್ತಾರೆ, ಬಿಚ್ಚು ಮೊದಲು!"

"ಆಫೀಸಿನ ಗೆಳೆಯರೇ ಕೈಕೊಟ್ಟಿದ್ದಾರೆ ಭಾವ, ಪಾತ್ರಕ್ಕೆ ಒಬ್ಬರಿಲ್ಲ. ನೀವೂ ಹೀಗಂದ್ರೆ ಹೇಗೆ?"

ಅಷ್ಟರಲ್ಲಿ ನಿವೃತ್ತ ಹೆಡ್ಮೇಷ್ಟ್ರು ತಮ್ಮ ರೇಡಿಯೋ ಒಯ್ಯಲು ಬಂದೇಬಿಟ್ಟರು. ರಿಪೇರಿಯಣ್ಣ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ. ಮೇಷ್ಟ್ರು ಅವನ ಕಂಕುಳಡಿಯಿಂದ ಇಣುಕಿ, "ಏನಪ್ಪಾ, ನನ್ನ ರೇಡಿಯೋ ಗೋಪುರ ಹತ್ತಿ ಕೂತಿದೆ?" ಎಂದರು.

ಭಾವಮೈದುನ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಸಾರ್, ನಿಮ್ಮ ಮುಖದಲ್ಲಿ ಕ್ಯಾಪ್ಟನ್ ಕಳೆ ಇದೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಹೌದಾ? ನಮ್ಮನೆಯವಳಿಗೆ ಇದು ಇವತ್ತಿನವರೆಗೂ ಕಂಡಿಲ್ಲ ನೋಡು." ಐದು ನಿಮಿಷದಲ್ಲಿ ಅವರು ನೌಕೆಯ ಕ್ಯಾಪ್ಟನ್ ಆಗಿ ಮಿಕ್ಸಿಯ ಗುಂಡಿ ತಿರುಗಿಸುತ್ತಿದ್ದರು.

ಆಮೇಲೆ ಬಂದದ್ದು ಬ್ಯಾಂಕಿನ ಮೇಡಂ. "ಮೂರು ದಿನದಿಂದ ಬಟ್ಟೆ ನೆನೆ ಹಾಕಿದೀನಿ! ಇವತ್ತೂ ಕಾರಣ ಹೇಳಿದ್ರೆ ನಾನು ಹೊಸ ಅಂಗಡಿಗೇ ಹೋಗೋದು" ಎಂದು ಗುಡುಗುತ್ತ ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಇಣುಕಿದರೆ ಮೇಡಂ ವಿಜ್ಞಾನಿಯಾಗಿ ವಾಷಿಂಗ್ ಮಷೀನಿನ ಗಾಜಿನಲ್ಲಿ ನಕ್ಷತ್ರ ಎಣಿಸುತ್ತಿದ್ದರು. ಇಸ್ತ್ರಿ ಪೆಟ್ಟಿಗೆಗೆ ಬಂದ ಟೈಲರು ಮುಖಕ್ಕೆ ಹಸಿರು ಬಳಿಸಿಕೊಂಡು ಶತ್ರುವಾದ. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಗಿರಾಕಿಗಳೂ ಆಕಾಶದಲ್ಲಿದ್ದರು. ಯಾರಿಗೂ ಯಂತ್ರ ಒಯ್ಯುವ ಅವಸರವಿರಲಿಲ್ಲ; ಡೈಲಾಗು ಯಾರಿಗೆ ಜಾಸ್ತಿ ಎಂಬುದಷ್ಟೇ ಜಗಳ.

ಪಾತ್ರ ಸಿಗದೆ ಉಳಿದವನು ರಿಪೇರಿಯಣ್ಣನೊಬ್ಬನೇ.

"ಭಾವ, ನೌಕೆ ಅಲುಗಾಡ್ಬೇಕಲ್ಲ, ಸ್ವಲ್ಪ ಮೇಜಿನ ಕೆಳಗೆ ಕೂತು ಅಲ್ಲಾಡಿಸ್ತೀರಾ?"

ಕೂತ. ಮೇಲಿರುವ ಮಿಕ್ಸಿಗಳು ಬಿದ್ದಾವೆಂಬ ಭಯಕ್ಕೆ ಒಂದು ಕೈಯಲ್ಲಿ ಅಲ್ಲಾಡಿಸುತ್ತ, ಇನ್ನೊಂದು ಕೈಯಲ್ಲಿ ಮೇಜನ್ನು ಬಿಗಿಯಾಗಿ ಹಿಡಿದುಕೊಂಡ. ಎಂಟು ಸಲ ಟೇಕ್ ಆಯಿತು. ಬೆನ್ನು ಕಿರ್ ಎಂದಿತು. ಆ ಸದ್ದು ನೌಕೆಗೆ ಚೆನ್ನಾಗಿ ಹೊಂದುತ್ತದೆಂದು ಭಾವಮೈದುನ ಮತ್ತೆರಡು ಸಲ ಮಾಡಿಸಿದ.

"ರೀ, ಊಟಕ್ಕೆ ಬರಲೇ ಇಲ್ವಲ್ಲಾ!" ಎಂದು ಡಬ್ಬಿ ಹಿಡಿದು ಹೆಂಡತಿ ಬಂದಾಗ ರಿಪೇರಿಯಣ್ಣನಿಗೆ ಕಂಡದ್ದು ಅವಳ ಕಾಲು ಮಾತ್ರ. "ಅಕ್ಕಾ, ಸರಿಯಾದ ಟೈಮಿಗೆ ಬಂದೆ!" ಎಂಬ ಕೂಗು ಕೇಳಿಸಿತು. ಮೇಜಿನಡಿಯಿಂದ ತಲೆ ಹೊರಹಾಕಿ ನೋಡಿದರೆ ಹೆಂಡತಿ ತಲೆಗೆ ಫ್ಯಾನಿನ ಜಾಲರಿ ಇಟ್ಟುಕೊಂಡು ಗ್ರಹದ ಮಹಾರಾಣಿಯಾಗಿದ್ದಳು. ಊಟದ ಡಬ್ಬಿ ಅಣುಬಾಂಬಾಗಿತ್ತು.

"ಅದನ್ನ ಮುಟ್ಟಬೇಡಿ ಭಾವ, ಮುಂದಿನ ಸೀನಿಗೆ ಬೇಕು."

ಸಂಜೆ ನಾಲ್ಕಕ್ಕೆ ಕ್ಲೈಮ್ಯಾಕ್ಸು. ಎಲ್ಲರೂ ಒತ್ತಿಕೊಂಡು ನಿಂತು ಒಂದು ಸೆಲ್ಫಿ ತೆಗೆದುಕೊಂಡ ಮೇಲೆ ಭಾವಮೈದುನ ಕತೆ ಹೇಳಿದ: ನೌಕೆ ಶತ್ರುವಿನ ಕೈಗೆ ಸಿಗಬಾರದು, ಆದ್ದರಿಂದ ಅದನ್ನು ಎಲ್ಲರೂ ಸೇರಿ ನಾಶ ಮಾಡಬೇಕು.

ರಿಪೇರಿಯಣ್ಣ ಮೇಜಿನಡಿಯಿಂದ ತೆವಳಿಕೊಂಡು ಬಂದ. "ಬೇಡ್ರಪ್ಪಾ! ಒಂದು ವಾರ ಕೂತು ಮಾಡಿದೀನಿ! ನಿಮ್ಮ ಸಾಮಾನು ಕಣ್ರೋ ಅವು!"

"ನಮ್ದು ಅಂತ ತಾನೇ ಒಡೀತಿರೋದು?" ಎಂದರು ಮೇಡಂ. "ನೀವು ಯಾಕೆ ಒದ್ದಾಡ್ತೀರಿ?"

ಮೇಷ್ಟ್ರು ರೇಡಿಯೋ ಎತ್ತಿಕೊಂಡು ಅದನ್ನೊಮ್ಮೆ ಸವರಿದರು. "ಮಾವ ಕೊಟ್ಟಿದ್ದು," ಎಂದರು. ಆಮೇಲೆ ಎದೆಯುಬ್ಬಿಸಿ, "ಕಲೆಗಾಗಿ!" ಎಂದು ನೆಲಕ್ಕೆ ಅಪ್ಪಳಿಸಿದರು.

ಭಾವಮೈದುನ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು, "ಹಂಗೇ! ಇನ್ನೂ ಜೋರಾಗಿ!" ಎಂದು ಕಿರುಚಿದ. ಮಿಕ್ಸಿಗಳು ಹಾರಿದವು. ಟೈಲರು ಇಸ್ತ್ರಿ ಪೆಟ್ಟಿಗೆಯನ್ನು ಬೀಸಿ ಒಗೆದ. ಮೇಡಂ ರಿಪೇರಿಯಣ್ಣನದೇ ಸುತ್ತಿಗೆಯಿಂದ ವಾಷಿಂಗ್ ಮಷೀನಿನ ಗಾಜಿಗೆ ಬಾರಿಸಿದರು. ಮಹಾರಾಣಿ ಅಣುಬಾಂಬು ಎಸೆದಳು. ಅನ್ನ ಸಾರು ಅಂತರಿಕ್ಷದ ತುಂಬ ಹರಡಿತು. ನಾಲ್ಕೇ ನಿಮಿಷ. ನೌಕೆ ನುಚ್ಚುನೂರಾಯಿತು. ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಚಪ್ಪಾಳೆ ತಟ್ಟಿದರು.

ಹೆಸರಿನ ಚೀಟಿಗಳು ಕಾಲ ಬುಡದಲ್ಲಿ ಹಾರಾಡುತ್ತಿದ್ದವು. ರಿಪೇರಿಯಣ್ಣ ಒಂದು ಡಬ್ಬ ಮಗುಚಿ ಹಾಕಿ ಅದರ ಮೇಲೆ ಕುಸಿದ. ಹೋಗಲಿ ಎನಿಸಿತು. ಒಡೆದವರು ಅವರೇ, ತಾನು ಮಾತಿಗೆ ತಪ್ಪಿಲ್ಲ, ಇನ್ನು ಮಲಗಬಹುದು.

"ತೋರಿಸಪ್ಪಾ, ನೋಡೋಣ" ಎಂದರು ಮೇಷ್ಟ್ರು. ಹನ್ನೆರಡು ತಲೆಗಳು ಫೋನಿನ ಮೇಲೆ ಬಾಗಿದವು.

ಪರದೆಯ ತುಂಬ ಭಾವಮೈದುನನ ಮುಖ. ನಾಲ್ಕು ನಿಮಿಷವೂ ಅದೇ ಮುಖ, ಮೇಲಿನಿಂದ ಕಂಡಂತೆ, "ಇನ್ನೂ ಜೋರಾಗಿ" ಎಂದು ಬಾಯಿ ತೆರೆಯುತ್ತಿತ್ತು. ಹಿಂದಿನಿಂದ ಬರೀ ಢಂ, ಫಳಾರ್.

"ಸೆಲ್ಫಿ ತೆಗೆದ ಮೇಲೆ ಕ್ಯಾಮೆರಾ ವಾಪಸ್ ತಿರುಗಿಸೋದು ಮರೆತೆ" ಎಂದ ಅವನು, ಮೆಲ್ಲಗೆ.

ಆಮೇಲೆ ಒಂದೊಂದೇ ತಲೆ ರಿಪೇರಿಯಣ್ಣನ ಕಡೆ ತಿರುಗಿತು.

"ಮುಂದಿನ ಭಾನುವಾರಕ್ಕೆ ಆಗುತ್ತಾ?" ಎಂದರು ಮೇಡಂ.

"ಏನಾಗುತ್ತಾ?"

"ಇವನ್ನೆಲ್ಲ ರಿಪೇರಿ ಮಾಡೋದು. ಮತ್ತೆ ಒಡೀಬೇಕಲ್ಲ."

"ಮೊದಲಿನ ಹಾಗೇ ಕಾಣಿಸ್ಬೇಕು ಭಾವ," ಎಂದ ಭಾವಮೈದುನ. "ಇಲ್ಲಾಂದ್ರೆ ಕಂಟಿನ್ಯುಟಿ ಹೋಗುತ್ತೆ."

ರಿಪೇರಿಯಣ್ಣ ಹೆಂಡತಿಯ ಕಡೆ ನೋಡಿದ. ಮಹಾರಾಣಿ ಜಾಲರಿ ಸರಿಪಡಿಸಿಕೊಂಡು, "ಮಾಡಿಕೊಡ್ರೀ. ಪಾಪ, ಇಷ್ಟು ಜನ ಕೇಳ್ತಿದಾರೆ" ಎಂದಳು.

ಮೇಷ್ಟ್ರು ರೇಡಿಯೋದ ಚೂರುಗಳನ್ನು ಬೊಗಸೆಯಲ್ಲಿ ತಂದು ಅವನ ಮಡಿಲಿಗೆ ಸುರಿದರು. ಹೆಗಲ ಮೇಲೆ ಕೈಯಿಟ್ಟು ಹೇಳಿದರು:

"ಈ ಸಲ ಸ್ವಲ್ಪ ಗಟ್ಟಿಯಾಗಿ ಮಾಡಪ್ಪಾ. ಒಂದೇ ಏಟಿಗೆ ಒಡೆದು ಹೋಯ್ತು. ನನಗೆ ಅಭಿನಯಕ್ಕೆ ಅವಕಾಶವೇ ಸಿಗಲಿಲ್ಲ."