ದುಂಡೇಶನ ದನಿ

ಪುಣೆಯಿಂದ ಬಂದಿದ್ದ ಇಂಜಿನಿಯರ್ ಊರಿಗೆ ಹೋಗುವ ಆತುರದಲ್ಲಿ ಒಂದೇ ಒಂದು ಕೆಲಸ ಬಾಕಿ ಬಿಟ್ಟು ಹೋದ. ದುಂಡೇಶನ ಫಜೀತಿ ಅಲ್ಲಿಂದಲೇ ಶುರುವಾಯಿತು.

ಚಿಕ್ಕೋಡಿ ಹತ್ತಿರದ ನವಗಂಗಾ ಸಕ್ಕರೆ ಕಾರ್ಖಾನೆಗೆ ಹೊಸ ಫೋನ್ ವ್ಯವಸ್ಥೆ ಬಂದಿತ್ತು. ಕಾರ್ಖಾನೆಯ ಫೋನುಗಳ ಜೊತೆಗೆ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಬ್ಬಿನ ಕಚೇರಿಗಳ ಫೋನುಗಳೂ ಒಂದೇ ಬಲೆಗೆ ಸೇರಿದ್ದವು. ಯಾರಿಗೆ ಯಾವ ನಂಬರು, ಯಾವ ಕರೆ ಎಲ್ಲಿಗೆ ಹೋಗಬೇಕು, ಯಾವ ಫೋನು ಕೆಟ್ಟಿದೆ ಎಂಬುದನ್ನೆಲ್ಲ ಒಂದು ಕಂಪ್ಯೂಟರಿನಲ್ಲಿ ಕೂತ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿತ್ತು. ಆ ಸಾಫ್ಟ್‌ವೇರನ್ನು ನೋಡಿಕೊಳ್ಳಲು ದುಂಡೇಶನಿದ್ದ. ದುಂಡೇಶನನ್ನು ನೋಡಿಕೊಳ್ಳುವವರು ಮಾತ್ರ ಯಾರೂ ಇರಲಿಲ್ಲ. ಕೆಲಸಕ್ಕೆ ಸೇರಿ ಕಬ್ಬು ಅರೆಯುವ ಎಷ್ಟೋ ಹಂಗಾಮು ಕಳೆದರೂ ಅವನಿನ್ನೂ ಗುತ್ತಿಗೆಯ ನೌಕರನೇ.

"ರೈತರು ಫೋನ್ ಮಾಡಿದಾಗ ಮೊದಲು ಕೇಳಿಸೂ ಸ್ವಾಗತದ ಮಾತು ಇನ್ನೂ ತುಂಬಿಲ್ಲ. ನೀವ ಕನ್ನಡದಾಗ ಹೇಳಿ ರೆಕಾರ್ಡ್ ಮಾಡ್ರಿ, ಸೇವ್ ಒತ್ತರಿ, ಮುಗೀತು," ಎಂದು ಹೇಳಿ ಇಂಜಿನಿಯರ್ ಬಸ್ಸು ಹತ್ತಿದ್ದ.

ಮರುದಿನ ಸಂಜೆ ಎಂ.ಡಿ. ವಿರುಪಾಕ್ಷಪ್ಪನವರು ನಿರ್ದೇಶಕರ ಸಭೆಯಲ್ಲಿ ಹೊಸ ಫೋನನ್ನು ತೋರಿಸುವವರಿದ್ದರು. "ಎಲ್ಲಾ ಛಲೋ ನಡೀತಂದ್ರ ಸಭೆಯೊಳಗ ನಿನ್ನ ಕಾಯಂ ಮಾಡೂ ಮಾತ ಎತ್ತತೀನಿ," ಎಂದಿದ್ದರು. ಸಭೆಯ ದಿನ ಬೆಳಿಗ್ಗೆ ದುಂಡೇಶ ಮನೆ ಬಿಡುವಾಗ ಹೆಂಡತಿ ಸೀಮಾ ಡಬ್ಬಿ ಕೈಗಿಟ್ಟು, "ಇವತ್ತ ಯಾರ ಜೋಡಿನೂ ವಾದಕ್ಕ ಬೀಳಬ್ಯಾಡ್ರಿ. ಏನ ಅಂದ್ರೂ ಹೂಂ ಅನ್ರಿ," ಎಂದಳು.

ದುಂಡೇಶ ಆ ಮಾತನ್ನು ಅಕ್ಷರಶಃ ಪಾಲಿಸಿದ. ಅದೇ ತಪ್ಪಾಯಿತು.

ಮೊದಲು ಬಂದವರು ಕಬ್ಬಿನ ವಿಭಾಗದ ಮುಖ್ಯಸ್ಥ ಸಂಗ್ರಾಮರಾಯರು. ಮೀಸೆ ಅವರಿಗಿಂತ ಒಂದು ಹೆಜ್ಜೆ ಮುಂದೆಯೇ ಒಳಗೆ ಬಂತು.

"ಏನಪಾ, ಲೆಕ್ಕದ ಲಾಲಸಾಬನ ನಂಬರು ನನ್ನ ನಂಬರಕಿಂತ ಸಣ್ಣದೈತಿ?"

"ಹೌದ್ರಿ ಸಾಹೇಬ್ರ. ಅದು ಕೋಣಿ ನಂಬರಿನ ಪ್ರಕಾರ ಬಂದೈತ್ರಿ."

"ಸಣ್ಣ ನಂಬರು ಅಂದ್ರ ದೊಡ್ಡ ಮನಷ್ಯಾ. ನಾಳೆ ಮಂದಿ ಏನ ತಿಳಕೋಬೇಕು? ಬದಲ ಮಾಡು."

ದುಂಡೇಶ ಹೂಂ ಎಂದ. ಸ್ವಲ್ಪ ಹೊತ್ತಿಗೆ ಲಾಲಸಾಬ ಕನ್ನಡಕ ಒರೆಸುತ್ತ ಬಂದರು. ಅವರು ಜಗಳದ ಮನುಷ್ಯರಲ್ಲ. "ನನಗ ನಂಬರಿನ ಆಸೆ ಇಲ್ಲಪಾ. ಆದ್ರ ಸಂಗ್ರಾಮನ ಕೆಳಗ ಬ್ಯಾಡ. ಎಲ್ಲೆರ ದೂರ ಕೊಡು," ಎಂದರು. ಅದಕ್ಕೂ ಹೂಂ. ಅವರ ಹಿಂದೆಯೇ ತೂಕದ ಕಾಟಾದವರು, ಸ್ಟೋರಿನವರು, ಗೇಟಿನವರು ಬಂದರು. ಎಲ್ಲರಿಗೂ ಹೂಂ. ಮಧ್ಯಾಹ್ನದ ಹೊತ್ತಿಗೆ ನಂಬರುಗಳು ಸಂತೆಯಲ್ಲಿ ಹಗ್ಗ ಹರಿದುಕೊಂಡ ಕರುಗಳಂತೆ ಒಂದರ ಜಾಗದಲ್ಲಿ ಇನ್ನೊಂದು ನುಗ್ಗಿದ್ದವು.

ಸಕ್ಕರೆ ಬೇಯಿಸುವ ವಿಭಾಗದವರು ಬಾಯ್ಲರಿಗೆ ಫೋನ್ ಮಾಡಿ, "ಉಗಿ ಯಾಕ ಬರವಲ್ದು?" ಎಂದು ಕೇಳಿದರು. ಫೋನ್ ಎತ್ತಿದವಳು ಕ್ಯಾಂಟೀನಿನ ಮಮತಾಜ.

"ಈಗಷ್ಟ ಒಲಿ ಹಚ್ಚೀನ್ರಿ. ಹಾಲ ಇನ್ನೂ ಬಂದಿಲ್ಲ," ಎಂದಳು ಆಕೆ.

ಬಾಯ್ಲರಿನವರಿಗೆ ಚಹಾದ ಬೇಡಿಕೆ ಮೇಲಿಂದ ಮೇಲೆ ಬರತೊಡಗಿತು. ಕಬ್ಬು ಅರೆಯುವುದು ಸ್ವಲ್ಪ ಹೊತ್ತು ನಿಂತೇ ಹೋಯಿತು. ಮಮತಾಜ ಸೆರಗಿಗೆ ಕೈ ಒರೆಸಿಕೊಳ್ಳುತ್ತ ದುಂಡೇಶನ ಕೋಣೆಗೆ ಬಂದು, "ತಮ್ಮಾ, ನನಗ ಚಹಾದ ಉಗಿ ಸಂಭಾಳಸೂದ ರಗಡ ಆಗೇತಿ. ಕಾರ್ಖಾನಿದು ನನ್ನ ಕೊಳ್ಳಿಗಿ ಯಾಕ ಕಟ್ಟೀದಿ?" ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಕನಿಕರವೇ ಹೆಚ್ಚಿತ್ತು. ಅದು ದುಂಡೇಶನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಅವನು ಊಟದ ಡಬ್ಬಿ ಬಿಚ್ಚದೆ ಒಂದೊಂದೇ ನಂಬರನ್ನು ಸರಿಮಾಡುತ್ತ ಕೂತ. ಎಲ್ಲ ಫೋನುಗಳ ಮುಂದೆ ಪರದೆಯ ಮೇಲೆ ಹಸಿರು ದೀಪ ಬಂದಾಗ ಉಳಿದದ್ದು ಸ್ವಾಗತದ ಮಾತೊಂದೇ. ಮೇಜಿನ ಫೋನೆತ್ತಿ ರೆಕಾರ್ಡ್ ಒತ್ತಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವನ ಮೊಬೈಲು ಬಡಿದುಕೊಂಡಿತು. ಚಿಂಚಲಿಯ ಮಾಳಸಿದ್ದಜ್ಜ. ಕಬ್ಬು ಬಲಿತು ತುದಿಯಲ್ಲಿ ಹೂ ಬಿಟ್ಟರೂ ಕಡಿಯುವ ಗ್ಯಾಂಗ್ ಬಂದಿಲ್ಲವೆಂದು ವಾರದಿಂದ ಅವನಿಗೇ ಫೋನ್ ಮಾಡುತ್ತಿದ್ದ ಮುದುಕ. ದುಂಡೇಶ ಒಂದು ಕಿವಿಗೆ ಮೊಬೈಲು ಹಿಡಿದ. ಇನ್ನೊಂದು ಕೈಯಲ್ಲಿ ಮೇಜಿನ ಫೋನು ಹಾಗೆಯೇ ಇತ್ತು.

"ಹೇಳ್ರಿ ಅಜ್ಜಾರ... ಹೌದ್ರಿ... ನಿಮ್ಮ ಸಂಕಟ ನನಗ ತಿಳಿತೈತ್ರಿ. ಬೆಳಿ ಹೊಲದಾಗ ನಿಂತಾಗ ಕಣ್ಣಿಗಿ ನಿದ್ದಿ ಹೆಂಗ ಹತ್ತೀತು?... ಖರೇನ ಹೇಳ್ತೀನ್ರಿ, ಗ್ಯಾಂಗ್ ಯಾವಾಗ ಬರತೈತಿ ಅನ್ನೂದು ನನ್ನ ಕೈಯಾಗಿಲ್ಲ. ನಾನೂ ನಿಮ್ಮಂಗ ಪಾಳಿ ಹಚ್ಚಿ ನಿಂತಾಂವ... ಆದ್ರ ನಿಮ್ಮ ಮಾತ ಮ್ಯಾಲಿನವ್ರಿಗೆ ಮುಟ್ಟಸ್ತೀನಿ... ಊಟಾ ಆತೇನ್ರಿ?... ಮೊದಲ ಎರಡ ತುತ್ತ ಉಣ್ರಿ. ಹಸದ ಹೊಟ್ಟಿಲೆ ಚಿಂತಿ ಮಾಡಿದ್ರ ಚಿಂತಿ ಹೆಚ್ಚ ಆಗತೈತಿ."

ಮುದುಕ ಸಮಾಧಾನವಾಗಿ ಫೋನಿಟ್ಟ. ಆ ಗಳಿಗೆಯಲ್ಲಿ ಸಂಗ್ರಾಮರಾಯರು ಬಾಗಿಲಲ್ಲಿ ನಿಂತು, "ಮುಗೀತೇನ?" ಎಂದರು. ದುಂಡೇಶ ಗಾಬರಿಯಲ್ಲಿ ಹೂಂ ಎಂದ. ಅಳಿಸುವ ಗುಂಡಿ ಒತ್ತಬೇಕಾದವನು ಸೇವ್ ಒತ್ತಿದ.

ಅದಾದ ಮೇಲೆ ಕಬ್ಬಿನ ವಿಭಾಗದಲ್ಲಿ ಎಂದೂ ಆಗದ್ದು ಆಯಿತು. ಫೋನುಗಳು ಸುಮ್ಮನಾದವು. ಹಂಗಾಮಿನ ದಿನಗಳಲ್ಲಿ ಅಲ್ಲಿ ಮಾತು ಕೇಳಿಸಿಕೊಳ್ಳಲು ಕಿವಿಗೆ ಕೈ ಹಚ್ಚಬೇಕಿತ್ತು. ಈಗ ನೊಣ ಹಾರಿದ್ದು ಕೇಳಿಸುತ್ತಿತ್ತು.

"ನಿನ್ನ ಮಷೀನ ಸತ್ತೈತಿ," ಎಂದರು ಸಂಗ್ರಾಮರಾಯರು.

ದುಂಡೇಶ ಪರದೆ ನೋಡಿದ. ಎಲ್ಲ ಹಸಿರು. ಕರೆಗಳು ಬರುತ್ತಲೇ ಇದ್ದವು, ಮೊದಲಿಗಿಂತ ಹೆಚ್ಚೇ. ಬಂದ ಕರೆ ಸ್ವಲ್ಪ ಹೊತ್ತು ನಿಂತು, ಯಾರ ಮೇಜಿಗೂ ಹೋಗದೆ ತಾನಾಗಿಯೇ ಮುಗಿಯುತ್ತಿತ್ತು. ಅವನು ತನ್ನ ಮೊಬೈಲಿನಿಂದಲೇ ಕಾರ್ಖಾನೆಗೆ ಫೋನ್ ಹಚ್ಚಿದ.

"ಹೇಳ್ರಿ ಅಜ್ಜಾರ," ಎಂದಿತು ಅವನದೇ ದನಿ.

ಮಾತಿನ ನಡುವೆ ಮುದುಕನ ಮಾತಿಗಾಗಿ ಬಿಟ್ಟಿದ್ದ ಬಿಡುವುಗಳೂ ಹಾಗೆಯೇ ಉಳಿದಿದ್ದವು. ಶೇಡಬಾಳದವನಾಗಲಿ ಕರೋಶಿಯವನಾಗಲಿ, ಫೋನ್ ಮಾಡಿದ ಪ್ರತಿಯೊಬ್ಬ ರೈತನೂ ಆ ಬಿಡುವಿನಲ್ಲಿ ತನ್ನ ದುಃಖ ಹೇಳಿಕೊಂಡು, ಆ ಕಡೆಯಿಂದ ಉತ್ತರ ಬಂತೆಂದು ತಿಳಿದು, ಊಟಕ್ಕೆ ಏಳುತ್ತಿದ್ದ. ಕಾರ್ಖಾನೆಯಲ್ಲಿ ಒಬ್ಬ ಒಳ್ಳೆಯ ಮನುಷ್ಯ ಫೋನ್ ಎತ್ತುತ್ತಿದ್ದಾನೆಂದು ಊರೂರಿಗೆ ಸುದ್ದಿ ಹಬ್ಬಿತ್ತು. ದುಂಡೇಶ ಆ ರೆಕಾರ್ಡಿಂಗ್ ಅಳಿಸಲು ಹೋದ. ಯಾರೋ ಕೇಳುತ್ತಿರುವಾಗ ಅದನ್ನು ಅಳಿಸಲು ಬಾರದೆಂದು ಸಾಫ್ಟ್‌ವೇರ್ ತಿಳಿಸಿತು. ಯಾರೂ ಕೇಳದೆ ಇರುವ ಒಂದು ಗಳಿಗೆಯೂ ಅವನಿಗೆ ಸಿಗಲಿಲ್ಲ.

ಅಷ್ಟರಲ್ಲಿ ಸಭೆಗೆ ಕರೆ ಬಂತು.

ನಿರ್ದೇಶಕರೆಲ್ಲ ಮೇಜಿನ ಸುತ್ತ ಕೂತಿದ್ದರು. ಎಲ್ಲರೂ ಹೊಲಮನೆಯವರೇ. ವಿರುಪಾಕ್ಷಪ್ಪನವರು ಮೊಬೈಲಿನ ಸ್ಪೀಕರ್ ಹಾಕಿ ಕಾರ್ಖಾನೆಯ ನಂಬರು ಒತ್ತಿದರು. ಬಾಗಿಲ ಬಳಿ ನಿಂತ ದುಂಡೇಶನಿಗೆ "ಸಾಹೇಬ್ರ, ಒಂದು ಮಾತ ಹೇಳೂದೈತ್ರಿ" ಎನ್ನುವಷ್ಟೂ ದಮ್ಮು ಉಳಿದಿರಲಿಲ್ಲ.

ಕೋಣೆಯ ತುಂಬ ಅವನ ದನಿ ಹರಡಿತು. ಯಾರೂ ನಗಲಿಲ್ಲ. "ಊಟಾ ಆತೇನ್ರಿ?" ಎಂದು ಅದು ಕೇಳಿದಾಗ ಮೂಲೆಯಲ್ಲಿ ಕೂತಿದ್ದ ಒಬ್ಬ ವಯಸ್ಸಾದ ನಿರ್ದೇಶಕರು, "ಇಲ್ಲಪಾ, ಮುಂಜಾನೆಯಿಂದ ಒಂದಿಲ್ಲೊಂದು ಮೀಟಿಂಗನ್ಯಾಗ ಅದೀನಿ," ಎಂದು ಉತ್ತರ ಕೊಟ್ಟೇಬಿಟ್ಟರು.

ಮಾತು ಮುಗಿಯಿತು. ದುಂಡೇಶ ನೆಲ ನೋಡುತ್ತ ನಿಂತ.

"ಇದು ಯಾರ ದನಿ?" ಎಂದರು ವಿರುಪಾಕ್ಷಪ್ಪನವರು.

"ನಂದ್ರಿ. ತಪ್ಪಾಗೇತ್ರಿ ಸಾಹೇಬ್ರ."

"ಮುಂಜಾನೆಯಿಂದ ಎಷ್ಟ ಮಂದಿ ತಕರಾರು ಮಾಡ್ಯಾರ?"

ಹೇಳಬೇಕಾದವರು ಸಭೆಗೆ ಬಂದಿದ್ದ ಸಂಗ್ರಾಮರಾಯರು. ಅವರು ಮೀಸೆ ನೀವಿಕೊಂಡು, "ಮಧ್ಯಾಹ್ನದ ಮ್ಯಾಲ ಒಬ್ರೂ ಇಲ್ರಿ," ಎಂದರು.

ನಿರ್ದೇಶಕರು ಒಬ್ಬರ ಮುಖ ಒಬ್ಬರು ನೋಡಿದರು. ಕಾರ್ಖಾನೆ ಕಟ್ಟಿದಾಗಿನಿಂದ ರೈತನೊಬ್ಬ ಸಮಾಧಾನದಿಂದ ಫೋನಿಟ್ಟದ್ದನ್ನು ಕಂಡವರು ಅಲ್ಲಿ ಯಾರೂ ಇರಲಿಲ್ಲ. ಈ ದನಿ ಹೀಗೇ ಇರಲಿ, ನಾಲ್ಕೂ ಕಚೇರಿಗಳಿಗೆ ಹಂಗಾಮಿಗೊಂದು ಹೊಸ ಮಾತು ಇವನೇ ತುಂಬಲಿ ಎಂದು ಎಲ್ಲರೂ ಒಪ್ಪಿದರು. ಲೆಕ್ಕ ಹೇಳಲು ಬಂದಿದ್ದ ಲಾಲಸಾಬ ಎದ್ದು ನಿಂತು, "ಹಂಗಾರ ಈ ಹುಡುಗನ್ನ ಇವತ್ತ ಕಾಯಂ ಮಾಡೂದ ಛಲೋರಿ," ಎಂದರು. ದುಂಡೇಶ ಮೊದಲ ಸಲ ತಲೆಯೆತ್ತಿದ.

ವಿರುಪಾಕ್ಷಪ್ಪನವರು ಬಹಳ ಹೊತ್ತು ಯೋಚಿಸಿದರು. ಅವರು ಕೆಟ್ಟ ಮನುಷ್ಯರಲ್ಲ. ಯೋಚಿಸಿ ಮಾತಾಡುವವರು.

"ಲಾಲಸಾಬ, ನೀ ಕಾಯಂ ಆಗೂಕಿಂತ ಮೊದಲ ಮಂದಿ ಜೋಡಿ ಹೆಂಗ ಮಾತಾಡ್ತಿದ್ದಿ, ನೆನಪೈತಿ?"

ಲಾಲಸಾಬ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

"ಬಂದವ್ರಿಗೆ ಖುರ್ಚಿ ಕೊಡ್ತಿದ್ದಿ. ಈಗ ತಲಿ ಎತ್ತಿ ಸುದ್ದಾ ನೋಡೂದಿಲ್ಲ. ನಿನಗ ಅಂದ್ನಿ ಅಂತ ಬ್ಯಾಸರಾ ಮಾಡ್ಕೋಬ್ಯಾಡ, ನಾನೂ ಹಂಗ ಆಗೀನಿ. ನೌಕರಿ ಗಟ್ಟಿ ಆತಂದ್ರ ದನಿ ಗಡಸ ಆಗತೈತಿ. 'ನಾನೂ ನಿಮ್ಮಂಗ ಪಾಳಿ ಹಚ್ಚಿ ನಿಂತಾಂವ' ಅಂತ ಇಂವಾ ಅಂದಾನಲ್ಲ, ಅದು ಖರೆ ಇದ್ದಿದ್ದಕ್ಕ ರೈತರ ಎದಿಗಿ ಹತ್ತೇತಿ. ಇವನ್ನ ಕಾಯಂ ಮಾಡಿದ್ರ ಆ ಮಾತು ಸುಳ್ಳ ಆಗತೈತಿ." ಅವರು ದುಂಡೇಶನ ಕಡೆ ತಿರುಗಿ ಮಮತೆಯಿಂದ ಹೇಳಿದರು. "ಕಾರ್ಖಾನಿ ಹಿತಕ್ಕ ನೀ ಹಿಂಗ ಇರಬೇಕಪಾ."

ಸಭೆ ಚಪ್ಪಾಳೆ ತಟ್ಟಿತು. ಮಾತು ಎಷ್ಟು ನ್ಯಾಯವಾಗಿತ್ತೆಂದರೆ ದುಂಡೇಶನಿಗೂ ಅದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ತನ್ನ ಪರವಾಗಿ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಅಭ್ಯಾಸಬಲದಿಂದ ಹೂಂ ಎಂದ.

ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಗೇಟಿನಿಂದ ರಸ್ತೆಯವರೆಗೆ ಸಾಲು ಹಚ್ಚಿದ್ದವು. ಅವುಗಳ ಪಕ್ಕದಲ್ಲಿ ಬೈಕು ತಳ್ಳಿಕೊಂಡು ಹೋಗುವಾಗ ಸೀಮಾಳ ಫೋನು ಬಂತು.

"ಏನಾತ್ರಿ? ಕಾಯಂ ಮಾಡಿದ್ರು?"

ದುಂಡೇಶ ಬೈಕು ನಿಲ್ಲಿಸಿದ. "ಮಾಡ್ಯಾರ," ಎಂದ. "ಕಾಯಂ ಟೆಂಪರವರಿ ಮಾಡ್ಯಾರ."